ಪಾಸ್‌ವರ್ಡ್ ಇಲ್ಲದ ಡಿವಿಆರ್: ನಮ್ಮ ಅಂಗಳ ನಮಗೇ ಕಾಣದ 11 ದಿನ

ಮೊದಲು ಸಾಮಾನು ಏನೇನು ಅಂತ ಹೇಳಿಬಿಡುತ್ತೇನೆ. ನಾಲ್ಕು ಚಾನಲ್‌ನ ಒಂದು ಡಿವಿಆರ್ (ಸಿಸಿಟಿವಿ ಕ್ಯಾಮೆರಾಗಳ ಚಿತ್ರವನ್ನು ರೆಕಾರ್ಡ್ ಮಾಡುವ ಡಬ್ಬಿ), ಅದರೊಳಗೆ 1 ಟಿಬಿ ಹಾರ್ಡ್ ಡಿಸ್ಕ್, ಮೂರು ಬುಲೆಟ್ ಕ್ಯಾಮೆರಾ, ಒಂದು ಡೋಮ್, 12 ವೋಲ್ಟಿನ ಪವರ್ ಸಪ್ಲೈ ಡಬ್ಬಿ, ಮತ್ತೆ ಒಂದು ಗೋಣಿಯಲ್ಲಿ ತುಂಬಿಸಿದ ಕೇಬಲ್ ಸುರುಳಿ. ಬ್ರಹ್ಮಾವರದಲ್ಲಿ ಒಬ್ಬರು ಫ್ಯಾನ್ಸಿ ಅಂಗಡಿ ಮುಚ್ಚುತ್ತಿದ್ದರು. ಕಪಾಟು, ಗಾಜು, ಫ್ಯಾನು ಎಲ್ಲ ಮಾರುತ್ತಿದ್ದರು, ಅದರ ಜೊತೆ ಇದೂ ಇತ್ತು. 4,500 ರೂಪಾಯಿಗೆ ಕೊಟ್ಟರು. ಹೊಸದು ಹಾಕಿಸುವುದಾದರೆ ಇದರ ನಾಲ್ಕು ಪಟ್ಟು ಆಗುತ್ತಿತ್ತು, ಹಾಗಾಗಿ ಖುಷಿಯಲ್ಲೇ ತಂದೆ.

ಮನೆ ಸಂತೆಕಟ್ಟೆಯಿಂದ ಸ್ವಲ್ಪ ಒಳಗೆ, ಕಲ್ಯಾಣಪುರದ ಕಡೆ. ನಾನು ಬೆಳಿಗ್ಗೆ ಮಣಿಪಾಲಕ್ಕೆ ಕೆಲಸಕ್ಕೆ ಹೋದರೆ ಬರುವುದು ಕತ್ತಲೆಗೆ, ಹಗಲು ಅಮ್ಮ ಒಬ್ಬರೇ. ಕ್ಯಾಮೆರಾ ಬೇಕು ಅಂದದ್ದು ಮಾತ್ರ ಅಮ್ಮನ ಸುರಕ್ಷತೆಗೆ ಅಲ್ಲ, ತೆಂಗಿನಕಾಯಿಗೆ. ಹಿತ್ತಲಲ್ಲಿ ರಾತ್ರಿ ಕಾಯಿ ಬಿದ್ದ ಸದ್ದು ಕೇಳುತ್ತದೆ, ಬೆಳಿಗ್ಗೆ ಹೋಗಿ ನೋಡಿದರೆ ಕಾಯಿ ಇಲ್ಲ. ಅಮ್ಮ ಅಡುಗೆಮನೆಯ ಕ್ಯಾಲೆಂಡರ್‌ನಲ್ಲಿ ದಿನಾ ಬರೆಯುತ್ತಾರೆ. ಸದ್ದು ಕೇಳಿದ್ದು ಮೂರು, ಸಿಕ್ಕಿದ್ದು ಒಂದು, ಹೀಗೆ.

ಕೊಳ್ಳುವಾಗ ಅಂಗಡಿಯಲ್ಲಿ ಟಿವಿಗೆ ಹಾಕಿ ತೋರಿಸಿದ್ದರು. ನಾಲ್ಕು ಚೌಕದಲ್ಲಿ ನಾಲ್ಕು ಚಿತ್ರ, ಗೇಟು, ಕೌಂಟರು, ಎಲ್ಲ ಚಂದ ಬರುತ್ತಿತ್ತು. ನಾನು ಮೋಸ ಹೋದದ್ದು ಅಲ್ಲಿಯೇ. ಅವರು ಮೋಸ ಮಾಡಲಿಲ್ಲ, ಅವರಿಗೂ ಗೊತ್ತಿರಲಿಲ್ಲ. ಜಾಸ್ತಿ ಡಿವಿಆರ್‌ಗಳಲ್ಲಿ ಲಾಗಿನ್ ಆಗದೆಯೇ ಲೈವ್ ಚಿತ್ರ ಕಾಣಿಸುವ ಹಾಗೆ ಇಟ್ಟಿರುತ್ತಾರೆ. ಬೀಗ ಕಾಣುವುದು ಮೌಸಿನ ಬಲಬದಿ ಒತ್ತಿ ಮೆನುಗೆ ಹೋದಾಗ. ನಾನು ಮೌಸ್ ಮುಟ್ಟಲೇ ಇಲ್ಲ.

ಭಾನುವಾರ ವೈರಿಂಗ್‌ನವರು ಬಂದು ಎಲ್ಲ ಹಾಕಿದರು. ಹಿತ್ತಲಿನ ತೆಂಗಿನ ಮೂಲೆಗೆ ಮೂರನೇ ಕ್ಯಾಮೆರಾ. ಅದು ಒಮ್ಮೆ ಬಂತು, ಮತ್ತೆ ಕಪ್ಪಾಯಿತು, "ವಿಡಿಯೋ ಲಾಸ್" ಅಂತ ಬರೆದುಕೊಂಡು ಕುಳಿತಿತು. ಅದನ್ನು ಆಮೇಲೆ ನೋಡುವ ಅಂತ ಬಿಟ್ಟೆವು. ಉಳಿದ ಮೂರು ಸರಿಯಾಗಿ ಬರುತ್ತಿತ್ತು. ಸಂಜೆ ಅಮ್ಮ ಕೇಳಿದರು, "ಮಧ್ಯಾಹ್ನ ಯಾರೋ ಗೇಟ್ ಹತ್ರ ಬಂದಿದ್ರು, ನಾನು ಮಲಗಿದ್ದೆ, ಅದು ಇದರಲ್ಲಿ ಬರ್ತದಾ?" ಬರ್ತದೆ ಅಂತ ಗತ್ತಿನಲ್ಲಿ ಮೌಸ್ ಒತ್ತಿದೆ. ಒಂಬತ್ತು ಚುಕ್ಕೆಯ ಪ್ಯಾಟರ್ನ್ ಕೇಳಿತು. ಅದನ್ನು ದಾಟಿದರೆ ಅಡ್ಮಿನ್ ಪಾಸ್‌ವರ್ಡ್ ಕೇಳಿತು.

ಅಂಗಡಿಯವರಿಗೆ ಫೋನ್ ಮಾಡಿದೆ. "ಪಾಸ್‌ವರ್ಡಾ? ಅದೆಲ್ಲ ಕ್ಯಾಮೆರಾ ಹಾಕಿದ ಹುಡುಗ ಮಾಡಿದ್ದು ಮಾರಾಯ್ರೇ, ನಾವು ಬರೀ ಟಿವಿಯಲ್ಲಿ ನೋಡ್ತಿದ್ದದ್ದು" ಅಂದರು. ಮೊಬೈಲಲ್ಲಿ ಇತ್ತಾ ಅಂತ ಕೇಳಿದ್ದಕ್ಕೆ, ಇತ್ತು, ಆ ಮೊಬೈಲ್ ನೀರಿಗೆ ಬಿದ್ದು ಹೋಯಿತು ಅಂದರು. ನಾನು ಅಷ್ಟಕ್ಕೇ ಬಿಟ್ಟೆ. ಆ ಮಾತನ್ನು ಇನ್ನೂ ಎರಡು ನಿಮಿಷ ಮುಂದುವರಿಸಿದ್ದರೆ ಈ ಬರಹಕ್ಕೆ ಅರ್ಧ ಪುಟ ಸಾಕಿತ್ತು.

ಮುಂದಿನ ಮೂರು ದಿನ ಎಲ್ಲರೂ ಮಾಡುವ ಪೆದ್ದುತನವನ್ನೇ ಮಾಡಿದೆ. ಅಡ್ಮಿನ್, ಅಡ್ಮಿನ್123, 12345, ಖಾಲಿ ಬಿಟ್ಟು ಎಂಟರ್, ಅಂಗಡಿಯ ಹೆಸರು, ಅಂಗಡಿಯ ಹೆಸರಿನ ಮುಂದೆ 123. ಕೆಲವು ಸಲ ತಪ್ಪಾದ ಮೇಲೆ ಅರ್ಧ ಗಂಟೆ ಬೀಗ. ಅರ್ಧ ಗಂಟೆ ಕಾಯುವುದು, ಮತ್ತೆ ಒಂದು ಸುತ್ತು. ಈ ಊಹೆಗಳಿಗೆ ಒಂದು ಕಾಲದಲ್ಲಿ ಅರ್ಥ ಇತ್ತು. ಹಿಕ್‌ವಿಷನ್ ಕಂಪನಿಯ ಹಳೆಯ ಯಂತ್ರಗಳು 12345 ಪಾಸ್‌ವರ್ಡ್ ಜೊತೆಗೇ ಬರುತ್ತಿದ್ದವು, ದಾಹುವಾ ಕಂಪನಿಯವಕ್ಕೆ ಯೂಸರ್ ಹೆಸರೂ ಪಾಸ್‌ವರ್ಡೂ ಅಡ್ಮಿನ್. 2015ರ ಸುಮಾರಿಗೆ ಇದು ಬದಲಾಗತೊಡಗಿತು, ಮೊದಲ ಸಲ ಆನ್ ಮಾಡಿದಾಗಲೇ ಹೊಸ ಪಾಸ್‌ವರ್ಡ್ ಇಡಬೇಕು ಅಂತಾಯಿತು. 2016ರಲ್ಲಿ ಮಿರಾಯ್ ಅನ್ನುವ ಮಾಲ್‌ವೇರ್ ಬಂತಲ್ವಾ, ಅದು ಕಂಪನಿ ಇಟ್ಟ ಪಾಸ್‌ವರ್ಡನ್ನು ಯಾರೂ ಬದಲಾಯಿಸದೆ ಬಿಟ್ಟ ಕ್ಯಾಮೆರಾ, ಡಿವಿಆರ್, ರೌಟರ್‌ಗಳನ್ನೇ ಹುಡುಕಿ ಹುಡುಕಿ ಹಿಡಿದು ಒಂದು ಸೈನ್ಯ ಕಟ್ಟಿತು. ಆ ವರ್ಷ ಅಕ್ಟೋಬರ್ 21ರಂದು ವೆಬ್‌ಸೈಟ್‌ಗಳ ವಿಳಾಸ ಹುಡುಕಿಕೊಡುವ ಡೈನ್ ಅನ್ನುವ ಕಂಪನಿಯ ಮೇಲೆ ಅದೇ ಸೈನ್ಯ ನುಗ್ಗಿದ್ದಕ್ಕೆ ಅಮೆರಿಕದಲ್ಲಿ ಟ್ವಿಟರ್, ನೆಟ್‌ಫ್ಲಿಕ್ಸ್ ಎಲ್ಲ ಗಂಟೆಗಟ್ಟಲೆ ತಡವರಿಸಿದವು. ಅದಾದ ಮೇಲೆ 12345 ಕಾಲ ಮುಗಿಯಿತು ಅಂತಲೇ ಹೇಳಬೇಕು. ನಮ್ಮ ಡಿವಿಆರ್ ಅದಕ್ಕಿಂತ ಈಚಿನದು.

ಇದರ ನಡುವೆ ಮೂರನೇ ದಿನ ಸ್ಕ್ರೂಡ್ರೈವರ್ ಹಿಡಿದೆ. ಬೋರ್ಡಿನಲ್ಲಿ ಗುಂಡಗಿನ ಸೆಲ್ ಇರುತ್ತದೆ, ಸಿಆರ್2032, ಅದನ್ನು ತೆಗೆದು ಹತ್ತು ನಿಮಿಷ ಬಿಟ್ಟರೆ ಎಲ್ಲ ಮರೆತುಹೋಗುತ್ತದೆ ಅಂತ ಆಫೀಸಿನಲ್ಲಿ ಒಬ್ಬರು ಹೇಳಿದ್ದರು. ಹಳೆಯ ಕಂಪ್ಯೂಟರಿನಲ್ಲಿ ಅದು ನಿಜ. ಇಲ್ಲಿ ಸೆಲ್ ಗಡಿಯಾರಕ್ಕೆ ಮಾತ್ರ, ಪಾಸ್‌ವರ್ಡ್ ಕುಳಿತಿರುವುದು ಬೋರ್ಡಿನ ಫ್ಲ್ಯಾಷ್ ಚಿಪ್ಪಿನಲ್ಲಿ, ಅದಕ್ಕೆ ಕರೆಂಟ್ ಬೇಡ ಸೆಲ್ಲೂ ಬೇಡ. ಸೆಲ್ ತೆಗೆದು ಹಾಕಿದ್ದರ ಫಲ ಒಂದೇ, ಪರದೆಯ ಮೂಲೆಯಲ್ಲಿ ತಾರೀಕು 2000ದ ಜನವರಿ 1 ಆಯಿತು. ಸರಿ ಮಾಡುವ ಅಂದರೆ ಮೆನುಗೆ ಹೋಗಬೇಕು, ಮೆನುಗೆ ಹೋಗಲು ಪಾಸ್‌ವರ್ಡ್ ಬೇಕು! ಹಾರ್ಡ್ ಡಿಸ್ಕ್ ಕಳಚಿ ನೋಡಿದೆ, ಅದೂ ಪ್ರಯೋಜನ ಇಲ್ಲ, ಅದರಲ್ಲಿ ಇರುವುದು ವಿಡಿಯೋ ಮಾತ್ರ. ಡಿಸ್ಕ್ ಇಲ್ಲ ಅಂತ ಡಿವಿಆರ್ ಬೀಪ್ ಬೀಪ್ ಅನ್ನಲು ಶುರು ಮಾಡಿತು, ಅಮ್ಮ "ಅದರ ಬಾಯಿ ಮುಚ್ಚಿಸು ಮಾರಾಯ" ಅಂದರು, ವಾಪಸ್ ಹಾಕಿದೆ. ಕೆಲವು ಮಾಡೆಲ್‌ಗಳಲ್ಲಿ ಬೋರ್ಡಿನ ಮೇಲೆ ಸಣ್ಣ ರೀಸೆಟ್ ಬಟನ್ ಇರುತ್ತದೆ, ಕರೆಂಟ್ ಇರುವಾಗ ಹತ್ತು ಸೆಕೆಂಡು ಒತ್ತಿ ಹಿಡಿದರೆ ಆಯಿತು. ನಮ್ಮದರಲ್ಲಿ ಇರಲಿಲ್ಲ. ಟಾರ್ಚ್ ಹಾಕಿ ಎರಡು ಸಲ ಹುಡುಕಿದೆ.

ಪಾಸ್‌ವರ್ಡ್ ಜನರೇಟರ್ ಅಂತ ಒಂದು ಸಾಫ್ಟ್‌ವೇರ್ ಕೂಡ ಸಿಗುತ್ತದೆ, ಸೀರಿಯಲ್ ನಂಬರ್ ಹಾಕಿದರೆ ಕೋಡ್ ಕೊಡುತ್ತದಂತೆ. ತುಂಬ ಹಳೆಯ ಫರ್ಮ್‌ವೇರ್‌ಗಳಿಗೆ (ಡಿವಿಆರ್ ಒಳಗಿನ ಸಾಫ್ಟ್‌ವೇರ್) ಅದು ನಿಜವಾಗಿ ಕೆಲಸ ಮಾಡುತ್ತಿತ್ತು. ಆದರೆ ಮನೆಯ ಕ್ಯಾಮೆರಾ ಬಿಡಿಸಲಿಕ್ಕೆ ಗುರುತು ಪರಿಚಯ ಇಲ್ಲದ ಫೈಲನ್ನು ಬ್ಯಾಂಕ್ ಕೆಲಸ ಮಾಡುವ ಲ್ಯಾಪ್‌ಟಾಪಿಗೆ ಇಳಿಸುವುದು ಎಂಥ ಲೆಕ್ಕ? ಬಿಟ್ಟೆ.

ಐದನೇ ದಿನ ಡಬ್ಬಿಯನ್ನು ಉಡುಪಿಯ ಒಂದು ಸರ್ವಿಸ್ ಅಂಗಡಿಗೆ ತೆಗೆದುಕೊಂಡು ಹೋದೆ. ಹಿಂದೆ ಮುಂದೆ ನೋಡಿ, ಬೋರ್ಡ್ ಬದಲಾಯಿಸಬೇಕು, 2,800 ಆಗ್ತದೆ ಅಂದರು. ಬಿಚ್ಚಿಯೂ ನೋಡಲಿಲ್ಲ. ಅದಕ್ಕಿಂತ ಇನ್ನೂ ಸ್ವಲ್ಪ ಹಾಕಿದರೆ ಹೊಸ ಡಿವಿಆರೇ ಬರುತ್ತದೆ. ಸಂಜೆ ವಾಪಸ್ ತಂದೆ.

ಸರಿಯಾದ ದಾರಿಗೆ ಬಂದದ್ದು ಆರನೇ ದಿನ, ಅದೂ ಪರದೆಯ ಮೇಲೆ ಮೊದಲ ದಿನದಿಂದ ಇದ್ದ "ಫರ್ಗಾಟ್ ಪಾಸ್‌ವರ್ಡ್" ಒತ್ತಿದ ಮೇಲೆ. ನಾಲ್ಕು ದಾರಿ ತೋರಿಸಿತು. ಭದ್ರತಾ ಪ್ರಶ್ನೆಗೆ ಉತ್ತರ ಕೊಡಿ, ಇಲ್ಲವೇ ಪಾಸ್‌ವರ್ಡ್ ಇಟ್ಟ ದಿನ ಪೆನ್ ಡ್ರೈವಿಗೆ ಇಳಿಸಿಕೊಂಡ ಕೀ ಫೈಲ್ ಹಾಕಿ, ಇಲ್ಲವೇ ಕೊಟ್ಟಿರುವ ಈಮೇಲಿಗೆ ಕೋಡ್ ತರಿಸಿ, ಇಲ್ಲವೇ ಮೊಬೈಲ್ ಆಪ್‌ನಿಂದ ದೃಢಪಡಿಸಿ. ನಾಲ್ಕಕ್ಕೂ ಬೇಕಾದದ್ದು ಒಂದೇ, ಇದನ್ನು ಮೊದಲು ಹಾಕಿದ ಮನುಷ್ಯ. ಈಮೇಲಿನ ಜಾಗದಲ್ಲಿ ಮೊದಲ ಎರಡು ಅಕ್ಷರ ಕಾಣುತ್ತಿತ್ತು, ಉಳಿದದ್ದೆಲ್ಲ ನಕ್ಷತ್ರ. ಅಂಗಡಿಯವರ ಹೆಸರಿಗೆ ಅದು ತಾಳೆ ಆಗಲಿಲ್ಲ.

ನಮ್ಮ ಕಡೆ ಇದು ಮಾಮೂಲು. ಕ್ಯಾಮೆರಾ ಹಾಕುವ ಹುಡುಗರಿಗೆ ಅರ್ಜೆಂಟ್, ಮನೆಯವರಿಗೆ ಈಮೇಲ್ ಗೊತ್ತಿಲ್ಲ, ಹಾಗಾಗಿ ತಮ್ಮದೇ ಈಮೇಲ್ ಹಾಕಿ ಮುಗಿಸುತ್ತಾರೆ. ನಂತರ ಅವರು ಗಲ್ಫಿಗೆ ಹೋಗುತ್ತಾರೆ. ಪವರ್ ಸಪ್ಲೈ ಡಬ್ಬಿಯ ಮುಚ್ಚಳದಲ್ಲಿ ಅರ್ಧ ಕಿತ್ತುಹೋದ ಒಂದು ಸ್ಟಿಕ್ಕರ್ ಇತ್ತು, "ಸಿಸಿಟಿವಿ, ಇನ್ವರ್ಟರ್, ಸೋಲಾರ್" ಅಂತ, ಕೆಳಗೆ ನಂಬರ್. ಫೋನ್ ಹೋಗಲಿಲ್ಲ, ವಾಟ್ಸಾಪ್ ಹೋಯಿತು. ಮನುಷ್ಯ ಬಹರೈನ್‌ನಲ್ಲಿ. ಅಲ್ಲಿಗೂ ನಮಗೂ ಎರಡೂವರೆ ಗಂಟೆ ವ್ಯತ್ಯಾಸ, ಅವರ ಡ್ಯೂಟಿ ಮುಗಿದು ಮಾತಿಗೆ ಸಿಕ್ಕಿದಾಗ ನಮಗೆ ರಾತ್ರಿ ಹತ್ತೂವರೆ. ಪಾಪ, ಒಳ್ಳೆಯವರು. ನೆನಪಿದ್ದ ಎರಡು ಮೂರು ಪಾಸ್‌ವರ್ಡ್ ಹೇಳಿದರು, ಆಗಲಿಲ್ಲ. ಆ ಈಮೇಲ್ ಕೆಲಸಕ್ಕೆ ಅಂತ ಮಾಡಿಕೊಂಡದ್ದಂತೆ. "ಅದರದ್ದೇ ಪಾಸ್‌ವರ್ಡ್ ನನಗೆ ಈಗ ನೆನಪಿಲ್ಲ ಅಣ್ಣ" ಅಂದರು. ಬೀಗದ ಕೀ ಇನ್ನೊಂದು ಬೀಗದ ಒಳಗೆ.

ಉಳಿದದ್ದು ಕಂಪನಿಯ ಸರ್ವಿಸ್. ಡಿವಿಆರನ್ನು ಮನೆಯ ರೌಟರಿಗೆ ಜೋಡಿಸಿ, ಕಂಪನಿಯದೇ ಉಚಿತ ಸಾಫ್ಟ್‌ವೇರಿನಿಂದ ಲ್ಯಾಪ್‌ಟಾಪಿನಲ್ಲಿ ಹುಡುಕಿದರೆ ಅದು ಪಟ್ಟಿಯಲ್ಲಿ ಬರುತ್ತದೆ. ಅಲ್ಲಿಂದ ಒಂದು ಸಣ್ಣ ಫೈಲ್ ಇಳಿಸಿ, ಸೀರಿಯಲ್ ನಂಬರ್ ಇರುವ ಸ್ಟಿಕ್ಕರಿನ ಫೋಟೋ, ಬಿಲ್ಲು, ಗುರುತಿನ ಚೀಟಿ ಎಲ್ಲ ಸೇರಿಸಿ ಕಳಿಸಬೇಕು. ಅವರು ಪರಿಶೀಲಿಸಿ ಬಿಡುಗಡೆಯ ಫೈಲ್ ವಾಪಸ್ ಕಳಿಸುತ್ತಾರೆ. ಬಿಲ್ಲು ಯಾಕೆ ಅಂತ ನಾನು ಗೊಣಗಿದೆ, ನಿಜ. ಆದರೆ ಕದ್ದ ಡಿವಿಆರ್ ಹಿಡಿದುಕೊಂಡು ಬಂದವನಿಗೂ ಕೀ ಕೊಟ್ಟರೆ ಹೇಗೆ? ಯಜಮಾನನ ಒಪ್ಪಿಗೆ ಇಲ್ಲದೆ ಇಂಥ ಯಂತ್ರದ ಒಳಗೆ ಹೋಗುವುದು 2000ದ ಐಟಿ ಕಾಯ್ದೆಯ 43ನೇ ಕಲಮಿನಲ್ಲಿ ತಪ್ಪೇ. ಅಂಗಡಿಯವರು ಹಳೆಯ ಬಿಲ್ಲನ್ನು ಹುಡುಕಿ ಕೊಟ್ಟರು, ಜೊತೆಗೆ ಒಂದು ಬಿಳಿ ಕಾಗದದಲ್ಲಿ ಇದನ್ನು ಇಂಥವರಿಗೆ ಮಾರಿದ್ದೇನೆ ಅಂತ ಬರೆದು ಸಹಿ ಹಾಕಿದರು. ಎಲ್ಲ ಏಳನೇ ದಿನ ಮಧ್ಯಾಹ್ನ ಕಳಿಸಿದೆ.

ಕಂಪನಿಯವರ ಷರತ್ತು ಒಂದಿತ್ತು. ಫೈಲ್ ಇಳಿಸಿದ ಮೇಲೆ ಉತ್ತರ ಬರುವ ತನಕ ಡಿವಿಆರ್ ಆಫ್ ಆಗಬಾರದು, ಆಫ್ ಆದರೆ ಆ ಫೈಲಿಗೆ ಬಂದ ಉತ್ತರ ನಡೆಯುವುದಿಲ್ಲ. ಮಳೆಗಾಲದ ಹೊಸ್ತಿಲು ಅಂತ ನಮ್ಮ ಕಡೆ ಎಣಿಸುವ ಪತ್ತನಾಜೆಗೆ (ಮೇ ಕೊನೆಯ ವಾರ) ಇನ್ನೂ ಎರಡು ವಾರ ಇತ್ತು. ಈ ಊರಿನಲ್ಲಿ ಆ ಹೊತ್ತಿಗೆ ಸಂಜೆ ಏನಾಗುತ್ತದೆ ಅಂತ ನಿಮಗೆ ಗೊತ್ತು. ಐದೂವರೆಗೆ ಮೋಡ ಕಟ್ಟಿತು, ಆರಕ್ಕೆ ಗುಡುಗು, ಆರೂ ಹತ್ತಕ್ಕೆ ಕರೆಂಟ್ ಹೋಯಿತು. ಅದರ ಮೇಲೆ ಅಮ್ಮ ಸಿಡಿಲಿಗೆ ಹೆದರಿ ಎಲ್ಲ ಪ್ಲಗ್ಗನ್ನೂ ಕಿತ್ತು ಹಾಕಿದ್ದರು, ರೌಟರ್ ಸಮೇತ. ಅವರನ್ನು ಬೈಯುವ ಹಾಗೂ ಇಲ್ಲ, ಅದು ಸರಿಯಾದ ಕೆಲಸವೇ, ಹೋದ ವರ್ಷ ನಮ್ಮದೊಂದು ರೌಟರ್ ಸಿಡಿಲಿಗೆ ಸುಟ್ಟುಹೋಗಿತ್ತು. ಒಂಬತ್ತನೇ ದಿನ ಉತ್ತರ ಬಂತು, ಹಾಕಿದೆ, "ಫೇಲ್ಡ್". ಡಿವಿಆರನ್ನು ಇನ್ವರ್ಟರ್ ಲೈನಿಗೆ ಹಾಕಿ, ಹೊಸ ಫೈಲ್ ಇಳಿಸಿ, ಮತ್ತೆ ಕಳಿಸಿದೆ.

ಹತ್ತನೇ ದಿನ ಬೆಳಿಗ್ಗೆ ಅಂಗಡಿಯವರ ಫೋನ್. ಅವರಾಗಿಯೇ ಮಾಡಿದ್ದು.

"ನಿಮ್ಮ ಬಾವಿಕಟ್ಟೆ ಹತ್ರ ನೀಲಿ ಕೊಡಪಾನ ಉಂಟಾ?"

ಉಂಟು ಅಂದೆ.

"ಒಬ್ರು ಹಸಿರು ಸೀರೆಯವರು ಈಗ ಬಟ್ಟೆ ಹರವ್ತಾ ಇದ್ದಾರಾ?"

ಕಿಟಕಿಯಿಂದ ನೋಡಿದೆ. ಅಮ್ಮ ಬಟ್ಟೆ ಹರವುತ್ತಿದ್ದರು. ಸೀರೆ ಹಸಿರೇ. ಸುಳ್ಳು ಯಾಕೆ ಹೇಳಲಿ, ಬೆನ್ನು ತಣ್ಣಗಾಯಿತು.

ವಿಷಯ ಇಷ್ಟು. ಅಂಗಡಿಯವರಿಗೆ ಈಮೇಲ್, ಓಟಿಪಿ ಎಲ್ಲ ತಲೆನೋವು ಅಂತ ಆಗ ಆಪನ್ನು ಅವರ ಸೋದರಳಿಯನ ಮೊಬೈಲಿನಲ್ಲಿ, ಅವನ ನಂಬರಿನಲ್ಲಿ ಹಾಕಿಸಿದ್ದರು. ಅವನ ಖಾತೆಯಿಂದ ಮಾವನ ಮೊಬೈಲಿಗೆ ಶೇರ್ ಮಾಡಿದ್ದು ಅಷ್ಟೇ. ಮಾವನ ಮೊಬೈಲ್ ನೀರಿಗೆ ಬಿತ್ತು, ಹುಡುಗನದ್ದು ಬೀಳಲಿಲ್ಲ. ಅವನು ಈಗ ಬೆಂಗಳೂರಿನಲ್ಲಿ ಓದುತ್ತಿದ್ದಾನೆ. ಪರೀಕ್ಷೆ ಅಂತ ನೋಟಿಫಿಕೇಶನ್ ಎಲ್ಲ ಬಂದ್ ಮಾಡಿದ್ದನಂತೆ. ಪರೀಕ್ಷೆ ಮುಗಿದು ನೋಡಿದರೆ ಮುಚ್ಚಿದ ಅಂಗಡಿಯ ಕ್ಯಾಮೆರಾ ಆನ್‌ಲೈನ್ ಅಂತ ತೋರಿಸುತ್ತಿತ್ತು, ತೆರೆದರೆ ಅಂಗಡಿಯ ಬದಲು ಯಾರದ್ದೋ ಬಾವಿಕಟ್ಟೆ. ಹೆದರಿ ಮಾವನಿಗೆ ಫೋನ್ ಮಾಡಿದ್ದ. ನಾನು ಏಳನೇ ದಿನ ರೌಟರಿಗೆ ಕೇಬಲ್ ಸಿಕ್ಕಿಸಿದ ಗಳಿಗೆಯಿಂದ ನಮ್ಮ ಅಂಗಳ ಬೆಂಗಳೂರಿನ ಒಂದು ಪಿಜಿಯಲ್ಲಿ ಕಾಣಿಸುತ್ತಿತ್ತು, ನಮಗೆ ಮಾತ್ರ ಕಾಣುತ್ತಿರಲಿಲ್ಲ.

ಇದು ಹೇಗೆ ಅಂತ ಆಮೇಲೆ ಸರಿಯಾಗಿ ಅರ್ಥ ಮಾಡಿಕೊಂಡೆ. ಇಂಥ ಡಿವಿಆರಿಗೆ ಬೀಗ ಎರಡು. ಒಂದು ಬೋರ್ಡಿನ ಚಿಪ್ಪಿನಲ್ಲಿರುವ ಪಾಸ್‌ವರ್ಡ್. ಇನ್ನೊಂದು ಕಂಪನಿಯ ಸರ್ವರಿನಲ್ಲಿ, ಅಲ್ಲಿ ಈ ಸೀರಿಯಲ್ ನಂಬರ್ ಇಂಥ ಖಾತೆಗೆ ಸೇರಿದ್ದು ಅಂತ ಬರೆದಿರುತ್ತದೆ. ಡಿವಿಆರ್ ಯಾವ ಊರಿನ ಯಾವ ರೌಟರಿಗೆ ಸಿಕ್ಕಿಸಿದರೂ ಅದು ನೆಟ್ಟಗೆ ಹೋಗಿ ಆ ಸರ್ವರಿಗೆ ವರದಿ ಮಾಡುತ್ತದೆ, ಹಳೆಯ ಖಾತೆಯವರಿಗೆ ಕಾಣಿಸುತ್ತದೆ. ಫ್ಯಾಕ್ಟರಿ ರೀಸೆಟ್ ಮಾಡಿದರೂ ಮೊದಲನೆಯದು ಮಾತ್ರ ಹೋಗುತ್ತದೆ. ನಾನು ನನ್ನ ಮೊಬೈಲಿನಲ್ಲಿ ಇದನ್ನು ಸೇರಿಸಲು ನೋಡಿದಾಗ "ಬೇರೆ ಖಾತೆಗೆ ಸೇರಿದೆ" ಅಂತ ಬಂದಿತ್ತು, ಅದನ್ನೂ ಪಾಸ್‌ವರ್ಡಿನ ತೊಂದರೆ ಅಂತಲೇ ತಿಳಿದಿದ್ದೆ. ಪಾಸ್‌ವರ್ಡ್ ಏನು ಅಂತ ಕೇಳುವ ಬದಲು, ಮೊಬೈಲಲ್ಲಿ ಯಾರು ಯಾರು ನೋಡುತ್ತಿದ್ದಿರಿ ಅಂತ ಮೊದಲ ದಿನವೇ ಕೇಳಬೇಕಿತ್ತು.

ಹುಡುಗ ಒಳ್ಳೆಯವನು, ಚುರುಕು. ಹನ್ನೊಂದನೇ ದಿನ ಸಂಜೆ ಫೋನಿನಲ್ಲಿ ಕೂತೆವು. ನಾಲ್ಕು ದಾರಿಯಲ್ಲಿ ಕೊನೆಯದು, ಆಪ್‌ನಿಂದ ದೃಢಪಡಿಸುವುದನ್ನು ಒತ್ತಿದೆ, ಟಿವಿ ಪರದೆಯಲ್ಲಿ ಕ್ಯೂಆರ್ ಕೋಡ್ ಬಂತು. ಅದರ ಫೋಟೋ ತೆಗೆದು ವಾಟ್ಸಾಪಿನಲ್ಲಿ ಕಳಿಸಿದೆ. ಅವನು ಅದನ್ನು ಸ್ನೇಹಿತನ ಲ್ಯಾಪ್‌ಟಾಪಿನಲ್ಲಿ ತೆರೆದು ತನ್ನ ಮೊಬೈಲಿನ ಆಪ್‌ನಿಂದ ಸ್ಕ್ಯಾನ್ ಮಾಡಿದ. ಮೊದಲ ಫೋಟೋ ಟ್ಯೂಬ್‌ಲೈಟಿನ ಬೆಳಕು ಬಿದ್ದು ಹಾಳಾಗಿತ್ತು, ಲೈಟ್ ಆರಿಸಿ ಇನ್ನೊಂದು ತೆಗೆದೆ. ಅವನಿಗೆ ಬಂದ ಕೋಡನ್ನು ಒಂದೊಂದೇ ಅಕ್ಷರ ಓದಿ ಹೇಳಿದ, ನಾನು ಮೌಸಿನಲ್ಲಿ ಒಂದೊಂದೇ ಒತ್ತಿದೆ. ಹೊಸ ಪಾಸ್‌ವರ್ಡ್ ಇಡಿ ಅಂತ ಬಂತು. ಇಷ್ಟಕ್ಕೆ ಏಳೆಂಟು ನಿಮಿಷ.

ಪಾಸ್‌ವರ್ಡ್ ಬದಲಾದ ಮೇಲೂ ಅವನ ಪಟ್ಟಿಯಲ್ಲಿ ನಮ್ಮ ಮನೆ ಹಾಗೆಯೇ ಇತ್ತು. "ಅಣ್ಣ, ಡಿಲೀಟ್ ಮಾಡ್ತೇನೆ, ನೀವು ಲೈನಲ್ಲೇ ಇರಿ" ಅಂತ ಅಳಿಸಿದ, ಅಳಿಸಿದ್ದರ ಸ್ಕ್ರೀನ್‌ಶಾಟ್ ಕೂಡ ಕಳಿಸಿದ. ಆಮೇಲೆ ನಾನು ಸ್ಟಿಕ್ಕರಿನ ಕ್ಯೂಆರ್ ಸ್ಕ್ಯಾನ್ ಮಾಡಿ ನನ್ನ ಖಾತೆಗೆ ಸೇರಿಸಿದೆ, ಚಿತ್ರಕ್ಕೆ ಕೇಳುವ ವೆರಿಫಿಕೇಶನ್ ಕೋಡನ್ನೂ ಬದಲಾಯಿಸಿದೆ. ಈಮೇಲ್ ನನ್ನದು ಹಾಕಿದೆ. ಕೀ ಫೈಲನ್ನು ಪೆನ್ ಡ್ರೈವಿಗೆ ಇಳಿಸಿ ಮನೆ ತೆರಿಗೆಯ ರಸೀದಿಗಳ ಜೊತೆ ಇಟ್ಟೆ. ಅಮ್ಮನಿಗೆ ನೋಡಲಿಕ್ಕೆ ಮಾತ್ರ ಆಗುವ ಬೇರೆ ಯೂಸರ್ ಮಾಡಿದೆ. ಸರ್ವಿಸ್‌ನವರ ಎರಡನೇ ಉತ್ತರ ಮರುದಿನ ಬಂತು, ಬೇಡವಾಯಿತು ಅಂತ ಬರೆದು ಧನ್ಯವಾದ ಹೇಳಿದೆ. ಪಕ್ಕದ ಮನೆ ಅಕ್ಕ ತಮ್ಮ ಬಚ್ಚಲಿನ ಬಾಗಿಲು ಕ್ಯಾಮೆರಾಕ್ಕೆ ಬೀಳುತ್ತದಾ ಅಂತ ಕೇಳಿದ್ದರು. ಬೀಳುತ್ತಿತ್ತು. ಆ ಮೂಲೆಗೆ ಕಪ್ಪು ಚೌಕ ಹಾಕಿ ಅವರನ್ನು ಕರೆದು ತೋರಿಸಿದೆ.

ಇನ್ನು ರೆಕಾರ್ಡಿಂಗ್. ಬೀಗ ಬಿದ್ದಿದ್ದರೂ ಡಿವಿಆರ್ ಆ 11 ದಿನವೂ ತನ್ನಷ್ಟಕ್ಕೆ ರೆಕಾರ್ಡ್ ಮಾಡುತ್ತಲೇ ಇತ್ತು. ಒಂದು ಕ್ಯಾಮೆರಾ 2 ಎಂಬಿಪಿಎಸ್ (ಸೆಕೆಂಡಿಗೆ 2 ಮೆಗಾಬಿಟ್) ಅಂತ ಇಟ್ಟರೆ ದಿನಕ್ಕೆ 21.6 ಜಿಬಿ ಆಗುತ್ತದೆ, ಮೂರಕ್ಕೆ ಸುಮಾರು 65. ಹನ್ನೊಂದು ದಿನಕ್ಕೆ 700ರ ಹತ್ತಿರ. 1 ಟಿಬಿ ಡಿಸ್ಕಿನಲ್ಲಿ ಉಳಿದ ಜಾಗದಲ್ಲಿ ಅಂಗಡಿಯ ಕೊನೆಯ ಮೂರು ದಿನ ಹಾಗೆಯೇ ಇತ್ತು. ಕಪಾಟು ಖಾಲಿ ಆಗುವುದು, ಕೆಲಸದ ಹುಡುಗಿ ಬಳೆಗಳನ್ನು ಪೆಟ್ಟಿಗೆಗೆ ತುಂಬಿಸುವುದು, ಅಂಗಡಿಯವರು ಸ್ಟೂಲಿನಲ್ಲಿ ಸುಮ್ನೆ ಕೂತಿರುವುದು. ಜಾಸ್ತಿ ನೋಡಲಿಲ್ಲ. ಬೇಕಾ ಅಂತ ಅಂಗಡಿಯವರನ್ನು ಕೇಳಿದೆ, "ಎಂತಕ್ಕೆ ಮಾರಾಯ್ರೇ, ತೆಗೆದುಬಿಡಿ" ಅಂದರು.

ತೆಗೆಯುವ ಮೊದಲು ನಮ್ಮ ದಿನಗಳನ್ನು ಹುಡುಕಬೇಕಲ್ಲ. ಮೇ ತಿಂಗಳಲ್ಲಿ ಮೊದಲ ಎರಡು ದಿನದ್ದು ಬಿಟ್ಟರೆ ಏನೂ ಸಿಗಲಿಲ್ಲ. ತಲೆ ಕೆರೆದುಕೊಂಡ ಮೇಲೆ ನೆನಪಾಯಿತು, ನಾನೇ ಸೆಲ್ ಕಿತ್ತಿದ್ದೆ. ಎಲ್ಲ 2000ದ ಜನವರಿಯಲ್ಲಿ ಕೂತಿತ್ತು. ಜನವರಿ 1, ಗೇಟಿಗೆ ಮೀನಿನವರು. ಜನವರಿ 3, ನಾನು ಕ್ಯಾಮೆರಾವನ್ನೇ ನೋಡಿ ಏನೋ ಬೈಯುತ್ತಿರುವುದು. ಜನವರಿ 5, ಗುಡುಗು ಶುರುವಾಗಿ ಅಮ್ಮ ಬಟ್ಟೆ ಎತ್ತಿಕೊಂಡು ಒಳಗೆ ಓಡುವುದು, ಅಲ್ಲಿಗೆ ಕಟ್. ಅಮ್ಮ ಕ್ಯಾಲೆಂಡರ್ ಕಿತ್ತು ತಂದು ಪಕ್ಕದಲ್ಲಿ ಕೂತು ಒಂದೊಂದು ರಾತ್ರಿಯನ್ನೂ ತಾಳೆ ನೋಡಿಸಿದರು. ಕಾಯಿ ಬಿದ್ದ ರಾತ್ರಿಗಳೆಲ್ಲ ಇತ್ತು, ಆದರೆ ತೆಂಗಿನ ಮೂಲೆ ಮೂರನೇ ಕ್ಯಾಮೆರಾದ್ದು. ಕಪ್ಪು ಚೌಕ, ಮಧ್ಯದಲ್ಲಿ "ವಿಡಿಯೋ ಲಾಸ್".

ಡಿಸ್ಕ್ ಫಾರ್ಮ್ಯಾಟ್ ಮಾಡಿ, ತಾರೀಕು ಸರಿ ಮಾಡಿ, ಹೊಸ ಸೆಲ್ ಹಾಕಿದೆ. ಮೂರನೇ ಕ್ಯಾಮೆರಾದ ಕೇಬಲಿನ ತುದಿ ಬಿಚ್ಚಿ ನೋಡಿದರೆ ಬಿಎನ್‌ಸಿ ಕನೆಕ್ಟರ್ ಉಪ್ಪು ಗಾಳಿಗೆ ಹಸಿರು ಹಿಡಿದು ಪುಡಿಪುಡಿ ಆಗಿತ್ತು. ಹೊಸತು ಹಾಕಿ, ಟೇಪ್ ಸುತ್ತಿ, ಒಂದು ಸಣ್ಣ ಪ್ಲಾಸ್ಟಿಕ್ ಡಬ್ಬಿಯೊಳಗೆ ಕೂರಿಸಿದ ಮೇಲೆ ಚಿತ್ರ ಬಂತು. ಕನೆಕ್ಟರಿಗೆ ಆದ ಖರ್ಚು 30 ರೂಪಾಯಿ. ಅಮ್ಮ ಈಗಲೂ ಕ್ಯಾಲೆಂಡರ್‌ನಲ್ಲಿ ಬರೆಯುವುದನ್ನು ಬಿಟ್ಟಿಲ್ಲ.